ಐದನೆಯ ಗಂಟು

ನಮ್ಮ ಶಿಕಾರಿಪುರದಲ್ಲೂ ರೈಲಿಲ್ಲ, ಪಕ್ಕದ ಸೊರಬದಲ್ಲೂ ಇಲ್ಲ. ಹಾಗಾಗಿ ನಾನೂ ನನ್ನ ಅಣ್ಣನೂ ವರ್ಷಕ್ಕೊಂದು ದಿನ ಸೈಕಲ್ಲುಗಳನ್ನು ರೈಲಿಗೆ ಹತ್ತಿಸುತ್ತೇವೆ ಎಂದರೆ ಜನ ನಗುತ್ತಿದ್ದರು. ಸುಗ್ಗಿ ಮುಗಿದು ಬಿಸಿಲು ಇನ್ನೂ ಚುರುಕಾಗದ ಒಂದು ಭಾನುವಾರ, ಮೊದಲ ಬಸ್ಸಿನ ಟಾಪಿನ ಮೇಲೆ ಸೈಕಲ್ ಹಾಕಿ ಶಿವಮೊಗ್ಗಕ್ಕೆ ಹೋಗುವುದು, ಅಲ್ಲಿ ತಾಳಗುಪ್ಪದ ರೈಲು ಹಿಡಿದು ಸಾಗರದಲ್ಲಿ ಇಳಿಯುವುದು, ಆಮೇಲೆ ಸೊರಬ, ಶಿರಾಳಕೊಪ್ಪದ ಮೇಲೆ ಇಡೀ ದಿನ ತುಳಿದು ಮನೆ ಸೇರುವುದು. ಮನೆಗೇ ಬರುವವರು ಹೋಗುವುದೇಕೆ ಎಂದು ಯಾರಾದರೂ ಕೆಣಕಿದರೆ ಅಣ್ಣ, “ರೈಲು ನಮ್ಮನ್ನ ದೂರ ಬಿಡ್ಬೇಕು, ಕಾಲು ಮನಿಗೆ ತರ್ಬೇಕು. ಇಲ್ದಿದ್ರೆ ಕಾಲು ಯಾಕೆ ಐತಿ?” ಎನ್ನುತ್ತಿದ್ದ.

ಗಾರ್ಡಿನ ಡಬ್ಬಿಗೆ ಸೈಕಲ್ ಹಾಕಬೇಕೆಂದರೆ ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಿಸಬೇಕು, ಇಳಿಯುವಾಗ ಕೊನೆಯ ಡಬ್ಬಿಯ ತನಕ ಓಡಬೇಕು. ಒಮ್ಮೆ ಓಡಿ ಸಾಕಾಗಿತ್ತು. ಅಂದಿನಿಂದ ಮುಂದಿನ ಗಾಲಿ ಬಿಚ್ಚಿ, ಎಲ್ಲವನ್ನೂ ಹಳೆಯ ಅಡಿಕೆ ಚೀಲಗಳಲ್ಲಿ ಸುತ್ತಿ, ಸುತಳಿ ಬಿಗಿದು ನಮ್ಮ ಜೊತೆಯಲ್ಲೇ ಒಯ್ಯುತ್ತಿದ್ದೆವು. ಟಿಕೆಟ್ ನೋಡುವವರು ಬಂದು ಇದೇನು ಎಂದರೆ ಅಣ್ಣ “ಮನಿ ಸಾಮಾನ್ರಿ” ಎಂದು ಕಿಟಕಿಯಾಚೆ ನೋಡುತ್ತಿದ್ದ. ಎರಡು ಸೈಕಲ್, ಎರಡು ಗಾಲಿ, ಒಂದು ಬುತ್ತಿಯ ಚೀಲ, ಒಟ್ಟು ಐದು ಗಂಟು.

ಎಣಿಸುವುದು ಅಣ್ಣನ ಕೆಲಸ. ಅವನು ಜೀವಮಾನವಿಡೀ ಅಡಿಕೆ ಮಂಡಿಯಲ್ಲಿ ಚೀಲ ಎಣಿಸಿದವನು. ಅಲ್ಲಿ ಮೊದಲನೆಯ ಚೀಲಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ರೈಲಿನಲ್ಲೂ ಅವನು ಪ್ರತಿ ಗಂಟಿನ ಮೇಲೆ ಅಂಗೈ ಇಟ್ಟು “ಲಾಭ, ಎರಡು, ಮೂರು” ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಅವನು ಎಣಿಸಿದ ಮೇಲೆ ಮಂಡಿಯ ಸಾಹುಕಾರರೇ ಇನ್ನೊಮ್ಮೆ ಎಣಿಸುತ್ತಿರಲಿಲ್ಲ ಎಂಬುದು ಅವನ ಹೆಮ್ಮೆ. ಆ ಹೆಮ್ಮೆ ನನಗೂ ಇತ್ತು.

ಕೊನೆಯ ಸಲ ಹೊರಟಾಗ ಅವನಿಗೆ ಮರೆವು ಶುರುವಾಗಿತ್ತು. ನಿನ್ನೆ ಬಂದುಹೋದವರು ಯಾಕೆ ಇನ್ನೂ ಬಂದಿಲ್ಲ ಎನ್ನುತ್ತಿದ್ದ. ಅವನಿಗೂ ಅದು ಗೊತ್ತಿತ್ತು. ಒಂದು ದಿನ ನನ್ನ ಹತ್ತಿರ, “ಎಣಿಸೋದು ಒಂದು ಇನ್ನಾ ಸರಿ ಐತಿ ನೋಡು. ಅದು ಇರೋತನ ನಾ ಅದೀನಿ” ಅಂದಿದ್ದ. ಅತ್ತಿಗೆ ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, “ತಪ್ಪಿದ್ರೂ ಎದ್ರಿಗೆ ಆಡಬ್ಯಾಡ್ರಿ, ಭಾಳ ನೊಂದ್ಕೊಂತಾರೆ” ಎಂದಿದ್ದರು.

ಸಾಗರ ಹತ್ತಿರವಾದಾಗ ಗಂಟುಗಳನ್ನು ಬಾಗಿಲ ಬಳಿ ತಂದಿಟ್ಟೆವು. ಅಣ್ಣ ತನ್ನ ಸೈಕಲ್ ಮೇಲೆ ಕೈಯಿಟ್ಟು “ಲಾಭ” ಅಂದ. ಅಷ್ಟರಲ್ಲಿ ಹೆಂಗಸೊಬ್ಬರು ದಾಟಿಹೋಗಲು ದಾರಿ ಬಿಡಿ ಎಂದರು. ಅವನು ಆ ಸೈಕಲ್ಲನ್ನು ಈಚೆಗೆ ಸರಿಸಿ, ಅದರ ಮೇಲೇ ಮತ್ತೆ ಕೈಯಿಟ್ಟು “ಎರಡು” ಅಂದ. ನಾನು ನೋಡಿದೆ, ಕಣ್ಣಾರೆ ನೋಡಿದೆ. ಕೊನೆಯ ಗಂಟು ಮುಟ್ಟಿ “ಐದೂ ಅದಾವೆ, ನಡಿ ಇಳಿಯಣ” ಎಂದಾಗ ಅವನ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ನನಗೆ ಬಾಯಿ ಬರಲಿಲ್ಲ. ಎಲ್ಲವನ್ನೂ ತಂದೇ ಇರುತ್ತೇವೆ ಬಿಡು ಎಂದುಕೊಂಡೆ.

ಇಳಿದೆವು, ರೈಲು ಹೊರಟಿತು. ಪ್ಲಾಟ್‌ಫಾರ್ಮಿನ ಮೇಲೆ ನಾಲ್ಕೇ ಗಂಟು. ನನ್ನ ಸೈಕಲ್ಲಿನ ಗಾಲಿ ಸೀಟಿನ ಕೆಳಗೇ ಉಳಿದು ತಾಳಗುಪ್ಪದ ಕಡೆ ಹೋಗುತ್ತಿತ್ತು.

ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯ ಮೇಲೆ. “ಐದು ಎಣಿಸಾಕೆ ಬರಂಗಿಲ್ಲೇನು ನಿನಗೆ? ಇಷ್ಟಕ್ಕೆ ಮಂಡಿ ಮಂಡಿ ಅಂತೀಯಲ್ಲ!” ಎಂದು ಕೂಗಿಬಿಟ್ಟೆ. ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಣ್ಣ ಬಗ್ಗಿ, ಒಂದೊಂದು ಗಂಟನ್ನೂ ಮುಟ್ಟಿ ಮತ್ತೆ ಎಣಿಸಿದ, ಈ ಸಲ ಸದ್ದಿಲ್ಲದೆ. ಆಮೇಲೆ ನನ್ನ ಕಡೆ ನೋಡಿ, “ತಪ್ಪಾತು ತಮ್ಮಾ” ಅಂದ. ನಾನು ನೋಡಿದ್ದೆ ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ಸಿಟ್ಟಿಗೆ ನೆಲೆಯೇ ಇರುತ್ತಿರಲಿಲ್ಲ.

ಸ್ಟೇಷನ್ನಿನವರು ತಾಳಗುಪ್ಪಕ್ಕೆ ಫೋನ್ ಮಾಡಿ ಗಾಲಿ ತೆಗೆದಿಡಲು ಹೇಳಿದರು. ನಾವು ಬಸ್ಸಿಗೆ ಬಂದೆವು. ತುಳಿಯಬೇಕಾಗಿದ್ದ ರಸ್ತೆ ಕಿಟಕಿಯ ಹೊರಗೆ ಸುಮ್ಮನೆ ಹಿಂದೆ ಹೋಯಿತು. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ ಕೂತ ಮೇಲೆ, ಹೊರಡಲು ಹೊತ್ತಿದೆ, ಇಳಿದು ಟೀ ಕುಡಿಯೋಣ ಎಂದೆ. ಅಣ್ಣ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು, “ಬ್ಯಾಡ. ಇಳಿದ್ರೆ ಯಾವ ಬಸ್ಸು ಅಂತ ಗೊತ್ತಾಗದಿದ್ರೆ?” ಅಂದ. ಬೆಳಿಗ್ಗೆ ಶಿವಮೊಗ್ಗದಲ್ಲಿ ಪ್ಲಾಟ್‌ಫಾರ್ಮ್ ಹುಡುಕಿ ನನ್ನನ್ನು ಕರೆದೊಯ್ದವನು ಅವನೇ. 

ಅವನು ಮತ್ತೆ ಸೈಕಲ್ ಹತ್ತಲಿಲ್ಲ. ಕೇಳಿದಾಗಲೆಲ್ಲ “ನನ್ನ ಎಣಿಕೆ ಕೆಡ್ತು” ಎನ್ನುತ್ತಿದ್ದ. ಅಂಗಡಿಗೆ ಹೋಗುವುದನ್ನೂ ಬಿಟ್ಟ, ಪೇಪರ್ ಓದುವುದನ್ನೂ ಬಿಟ್ಟ. ಕಾಯಿಲೆ ಹೇಗೂ ಬೆಳೆಯುವುದೇ ಎಂದು ಡಾಕ್ಟರು ಹೇಳುತ್ತಾರೆ. ಇರಬಹುದು. ಆದರೆ ಆ ದಿನ ನಾನು ಮೆಲ್ಲಗೆ “ಅಣ್ಣಾ, ಇನ್ನೊಂದ್ಸಲ ಎಣಿಸು” ಎಂದಿದ್ದರೆ ಅವನು ನಕ್ಕು ಎಣಿಸುತ್ತಿದ್ದ. ಅವನಿಗೆ ನೋವಾಗದಿರಲಿ ಎಂದು ಸುಮ್ಮನಿದ್ದವನೇ ಅವನನ್ನು ಹತ್ತು ಜನರ ಮುಂದೆ ನೋಯಿಸಿದೆ.

ಈಗ ಅವನಿಗೆ ನಾನು ಯಾರೆಂದು ತಿಳಿಯುವುದಿಲ್ಲ. ದಿನಾ ಸಂಜೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ, ಯಾರೋ ಪರಿಚಯದವರು ಬಂದಿದ್ದಾರೆಂದು ಮರ್ಯಾದೆಯಿಂದ ಮಾತಾಡಿಸುತ್ತಾನೆ. ಹೋದ ವಾರ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಸೈಕಲ್ಲು, ರೈಲು, ಎರಡು ಸಲ ಮುಟ್ಟಿದ ಗಂಟು, ನೋಡಿಯೂ ನಾನು ಸುಮ್ಮನಿದ್ದದ್ದು, ಆಮೇಲೆ ಕೂಗಿದ್ದು. ಅವನು ಪೂರ್ತಿ ಕೇಳಿದ.

“ಯಾರಿಗ್ರಿ ನೀವು ಬೈದಿದ್ದು?”

“ನಮ್ಮಣ್ಣಗೆ.”

“ಹೋಗಿ ಹೇಳ್ಬಿಡ್ರಿ ಮತ್ತೆ. ಅಣ್ಣ ಅಂದ್ಮ್ಯಾಲೆ ಏನೂ ಅನ್ನಂಗಿಲ್ಲ” ಎಂದು ನನ್ನ ಮೊಣಕಾಲು ತಟ್ಟಿದ. “ಆದ್ರೆ ಜಲ್ದಿ ಹೇಳ್ರಿ. ಪಾಪ, ಆತ ತನ್ದೇ ತಪ್ಪು ಅಂತ ಕುಂತಿರ್ತಾನೆ.”

“ಹೇಳ್ತೀನ್ರಿ” ಎಂದೆ.