ರುದ್ರಾಣಿಯವರ ನಿಕ್ಕಲ್ ಪಟ್ಟಿ, ಮುನೀಂದ್ರರ ಹೊಟ್ಟೆಕಿಚ್ಚು

ನೀರಿನಲ್ಲಿ ವಿದ್ಯುತ್ ಹಾಯಿಸಿ ಜಲಜನಕವನ್ನು ಬೇರ್ಪಡಿಸುವ ಕೆಲಸದಲ್ಲಿ ಪ್ಲಾಟಿನಂಗೆ ಸರಿಗಟ್ಟುವ ಲೋಹವಿಲ್ಲ. ಆದರೆ ಅದನ್ನು ಕೊಳ್ಳುವ ಶಕ್ತಿ ಎಷ್ಟು ಜನಕ್ಕಿದೆ? ಅದೇ ಕೆಲಸವನ್ನು ಅಗ್ಗದ ನಿಕ್ಕಲ್ಲಿನಿಂದ ಮಾಡಿಸಿಯೇ ತೀರಬೇಕೆಂದು ಹದಿನೇಳು ವರ್ಷ ಹಟ ಹಿಡಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ರುದ್ರಾಣಿ ಅಂಗಡಿಯವರು. ಅವರನ್ನು ಹೊಗಳುವವರು ಈ ಅಭಿನಂದನಾ ಸಂಪುಟದ ತುಂಬ ಇದ್ದಾರೆ. ಅವರನ್ನು ಕಂಡು ಹೊಟ್ಟೆ ಉರಿಸಿಕೊಂಡವರೊಬ್ಬರ ಮಾತೂ ಇಲ್ಲಿರಬೇಕು. ಅದನ್ನು ಬಿಡದೆ ಬರೆಯಿರಿ ಎಂದು ಒತ್ತಾಯಿಸಿದವರು ಹಾಗೆ ಹೊಟ್ಟೆ ಉರಿಸಿಕೊಂಡ ಸಹೋದ್ಯೋಗಿ ಮುನೀಂದ್ರರೇ.

೧೯೯೧ರ ಜೂನಿನಲ್ಲಿ ಇಬ್ಬರೂ ಒಂದೇ ದಿನ ದೊಡ್ಡನೆಕ್ಕುಂದಿಯ ಪ್ರಯೋಗಾಲಯಕ್ಕೆ ಸೇರಿದರು. ರುದ್ರಾಣಿಯವರು ಗದುಗಿನ ಕಡೆಯವರು, ಮನೆ ಮಾಡಿದ್ದು ಲಿಂಗರಾಜಪುರದಲ್ಲಿ. ಮುನೀಂದ್ರರು ದೊಡ್ಡನೆಕ್ಕುಂದಿಯವರೇ. ಪ್ರಯೋಗಾಲಯ ನಿಂತ ಜಾಗದಲ್ಲಿ ಹಿಂದೆ ಅವರ ಮನೆಯವರು ರಾಗಿ ಬಿತ್ತುತ್ತಿದ್ದರು. ತಮ್ಮ ನೆಲದಲ್ಲೇ ತಾವು ಎರಡನೆಯವರಾದರಲ್ಲ ಎಂಬುದು ಅವರ ಸಂಕಟ. ಹೊರದೇಶದ ಪತ್ರಗಳು ಬರುತ್ತಿದ್ದುದು ರುದ್ರಾಣಿಯವರಿಗೆ, ಚಹಾ ಮೊದಲು ಹೋಗುತ್ತಿದ್ದುದು ರುದ್ರಾಣಿಯವರ ಮೇಜಿಗೆ. ತೊಂಬತ್ತಾರರಲ್ಲಿ ಮುನೀಂದ್ರರ ಪತ್ನಿ ಸುಕನ್ಯ ಆಸ್ಪತ್ರೆಯಲ್ಲಿದ್ದಾಗ, ಎಂಟು ದಿನ ಅವರ ಪ್ರಯೋಗದ ಅಳತೆಗಳನ್ನು ಒಂದೂ ತಪ್ಪದಂತೆ ತೆಗೆದಿಟ್ಟವರು ರುದ್ರಾಣಿಯವರೇ. ಮರಳಿ ಬಂದ ಮುನೀಂದ್ರರು ಕೃತಜ್ಞತೆ ಹೇಳಿದರು. ತಮ್ಮ ಪುಟಗಳಿಗಿಂತ ಆ ಎಂಟು ಪುಟಗಳೇ ಅಚ್ಚುಕಟ್ಟಾಗಿದ್ದುದನ್ನು ಮಾತ್ರ ಕ್ಷಮಿಸಲಿಲ್ಲ.

೨೦೦೧ರಲ್ಲಿ, ವಿದ್ಯುತ್ ಹಾಯಿಸಲು ನೀರಿನಲ್ಲಿ ಇಳಿಬಿಡುವ ರುದ್ರಾಣಿಯವರ ಹೊಸ ನಿಕ್ಕಲ್ ಪಟ್ಟಿ ಎಲ್ಲರನ್ನೂ ಬೆರಗುಗೊಳಿಸಿತು. ದಿನ ಕಳೆದಂತೆ ದಣಿಯಬೇಕಾದ ಪಟ್ಟಿ, ದಿನದಿನಕ್ಕೂ ಹೆಚ್ಚು ಜಲಜನಕ ಕೊಡತೊಡಗಿತು. ಅದರ ಬಲದ ಮೇಲೆ ವಿಭಾಗದ ಮುಖ್ಯಸ್ಥರ ಸ್ಥಾನ ಅವರಿಗೇ ಎಂದು ಎಲ್ಲರೂ ಮಾತಾಡಿಕೊಂಡರು. ಆ ಸ್ಥಾನದ ಮೇಲೆ ಕಣ್ಣಿಟ್ಟಿದ್ದ ಮುನೀಂದ್ರರು ಪಟ್ಟಿಯಿದ್ದ ಗಾಜಿನ ಪಾತ್ರೆಯ ಮುಂದೆ ನಿಂತೇ ಇರುತ್ತಿದ್ದರು. ಪಾತ್ರೆ ತೊಳೆಯುತ್ತಿದ್ದ ಹಲಸೂರಿನ ಅಯ್ಯಮ್ಮ ಒಮ್ಮೆ ಅಂದೇಬಿಟ್ಟಳು: "ಸಾರ್, ಹಂಗೆ ನೋಡ್ಬೇಡಿ. ನಿಮ್ಮ ಕಣ್ಣು ಬಿದ್ದು ಮೇಡಂ ಪಟ್ಟಿ ತುಕ್ಕು ಹಿಡಿದ್ಬಿಡುತ್ತೆ."

"ನಿಕ್ಕಲ್ಲು ತುಕ್ಕು ಹಿಡಿಯಲ್ಲ ಅಯ್ಯಮ್ಮ."

"ನಿಮ್ಮ ಕಣ್ಣಿಗೆ ಹಿಡಿಯುತ್ತೆ ಸಾರ್."

ಹೊಟ್ಟೆಕಿಚ್ಚಿನವನಿಗೆ ಬೆರಗಾಗಲು ಬರುವುದಿಲ್ಲ. ಅದಕ್ಕೇ ಇರಬೇಕು, ಎಲ್ಲರೂ ಪಟ್ಟಿಯನ್ನು ನೋಡುತ್ತಿದ್ದಾಗ ಮುನೀಂದ್ರರು ಅದರ ಎದುರಿಗಿದ್ದ ಪ್ಲಾಟಿನಂ ತಂತಿಯನ್ನು ನೋಡಿದರು. ವಿದ್ಯುತ್ತಿನ ಇನ್ನೊಂದು ತುದಿಯಾಗಿ ಅದನ್ನು ಇಡುವುದು ಆಗಿನ ರೂಢಿ. ತಂತಿ ಕಣಕಣವಾಗಿ ಕರಗಿ ಪಟ್ಟಿಯ ಮೇಲೆ ಕೂರುತ್ತಿದ್ದರೆ? ಆಗ ಹೆಸರು ನಿಕ್ಕಲ್ಲಿನದು, ದುಡಿಮೆ ಪ್ಲಾಟಿನಂದು. ಅಂಥದೇ ಇನ್ನೊಂದು ಪಟ್ಟಿಯನ್ನು ಕೇಳದೆ ತೆಗೆದುಕೊಂಡು, ತಂತಿಯ ಬದಲು ಗ್ರಾಫೈಟ್ ಕಡ್ಡಿ ಇಟ್ಟು ನಾಲ್ಕು ದಿನ ಓಡಿಸಿದರು. ಪಟ್ಟಿ ಎಲ್ಲ ಪಟ್ಟಿಗಳಂತೆ ದಣಿಯಿತು. ಯಾರಿಗೂ ಹೇಳದೆ, ಆ ಇಳಿಕೆ ತೋರಿಸುವ ರೇಖಾನಕ್ಷೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟು, ಪರಿಶೀಲನಾ ಸಭೆಯಲ್ಲಿ ಎಲ್ಲರ ಮುಂದೆ ಬಿಚ್ಚಬೇಕೆಂದು ಕಾದರು. ಆದರೆ ಯಂತ್ರ ಮುಟ್ಟಿದವರು ಅದರ ದಾಖಲೆ ಪುಸ್ತಕದಲ್ಲಿ ಬರೆಯಲೇಬೇಕೆಂಬುದು ಅಲ್ಲಿನ ನಿಯಮ. ಹತ್ತು ವರ್ಷದ ಅಭ್ಯಾಸದ ಕೈ, ಗುಟ್ಟು ಮರೆತು, ಬರೆದಿಟ್ಟಿತ್ತು: "ರುದ್ರಾಣಿಯವರ ಪಟ್ಟಿ. ಎದುರು ಗ್ರಾಫೈಟ್. ನಾಲ್ಕು ದಿನ." ಕೆಳಗೆ ಸಹಿ.

ಸಭೆಯ ದಿನ ಮುನೀಂದ್ರರ ಕೈ ಜೇಬಿನಲ್ಲಿದ್ದಾಗಲೇ ರುದ್ರಾಣಿಯವರು ಎದ್ದರು. "ನನ್ನ ಫಲಿತಾಂಶ ವಾಪಸ್ ತಗೋತೀನ್ರಿ. ಅದು ನಿಕ್ಕಲ್ಲಿಂದಲ್ಲ, ಪ್ಲಾಟಿನಂದು. ಹಿಡಿದವರು ಮುನೀಂದ್ರ ಅವರು. ಪುಸ್ತಕದಾಗ ನೋಡಿ ನಾನೂ ಮಾಡಿದೆ, ಹಂಗ ಬಂತು. ಮುಂದಿಂದು ಅವರು ಹೇಳ್ತಾರ," ಎಂದು ಕುಳಿತುಬಿಟ್ಟರು.

ಮುನೀಂದ್ರರು ಎದ್ದು ಏನು ಹೇಳಿದರೋ ಅವರಿಗೇ ನೆನಪಿಲ್ಲ. ಮುಖ್ಯಸ್ಥರ ಕೊಠಡಿ ಅವರಿಗೇ ಸಿಕ್ಕಿತು. ಅದರೊಳಗೆ ಕುಳಿತ ಮೇಲೆ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಫಲಿತಾಂಶದಲ್ಲಿ ಎಂದಾದರೊಂದು ದಿನ ರುದ್ರಾಣಿಯವರನ್ನು ಹಿಂದೆ ಹಾಕಬಹುದು. ಎದ್ದು ನಿಂತು ಹಾಗೆ ಹೇಳಿ ಕುಳಿತುಬಿಡುವುದರಲ್ಲಿ ಹೇಗೆ ಹಿಂದೆ ಹಾಕುವುದು? ಎದುರಾಳಿಗಳೆಂದು ತಿಳಿದಿದ್ದವರು ತಾವೊಬ್ಬರೇ, ರುದ್ರಾಣಿಯವರಿಗೆ ಆ ವಿಷಯವೇ ಗೊತ್ತಿರಲಿಲ್ಲ ಎಂಬುದು ಮುನೀಂದ್ರರನ್ನು ಇಂದಿಗೂ ಚುಚ್ಚುತ್ತದೆ.

ಆಮೇಲೆ ಇಬ್ಬರೂ ಕೂಡಿ ನಿಕ್ಕಲ್ಲಿಗೆ ಮಾಲಿಬ್ಡಿನಮ್ ಬೆರೆಸಿದ ಜಾಲರಿಯನ್ನು ಐದು ವರ್ಷ ಹದಗೊಳಿಸಿದರು, ಪ್ರತಿ ಸಲವೂ ಎದುರಿಗೆ ಗ್ರಾಫೈಟ್. ಬೆಳಗಾದರೆ ರುದ್ರಾಣಿಯವರು ಕೇಳುತ್ತಿದ್ದುದು ಒಂದೇ ಮಾತು: "ಇವತ್ತೇನ ಜಲಜನಕ ಜಾಸ್ತಿ ಆಗಿಲ್ಲಲ್ರೀ? ಹಂಗಾದ್ರ ಖರೆ ಐತಿ." ಆ ಜಾಲರಿ ದಣಿಯದೆ, ಉಬ್ಬದೆ, ಇಂದಿಗೂ ದುಡಿಯುತ್ತಿದೆ.

ಬೀಳ್ಕೊಡುಗೆಗೆ ಮುನೀಂದ್ರರು ತಂದದ್ದು ಶಾಲನ್ನಲ್ಲ. ಒಂದು ಡಬ್ಬಿ ಗ್ರಾಫೈಟ್ ಕಡ್ಡಿ, ಅದರ ಮೇಲೆ ಏಳು ವರ್ಷ ಜೇಬಿನ ಮಡಿಕೆ ಬಿಡದ ಆ ಹಳೆಯ ನಕ್ಷೆ.

"ಮನೆಯಲ್ಲೂ ಏನಾದ್ರೂ ಮಾಡ್ತಾನೇ ಇರ್ತೀರ, ಗೊತ್ತು. ಸಿಕ್ಕಿದ್ದನ್ನ ಮೊದಲು ನಂಗೆ ತೋರಿಸಿ ಮೇಡಂ. ತಪ್ಪು ನಾನೇ ಹುಡುಕ್ಬೇಕು."

"ಹುಡುಕ್ರಿ," ಎಂದರು ರುದ್ರಾಣಿಯವರು, ನಕ್ಷೆಯನ್ನು ಬಿಡಿಸುತ್ತ. "ಪುಸ್ತಕದಾಗ ಬರೀರಿ ಮತ್ತ."

ಅವರು ನೂರು ವರ್ಷ ಆರೋಗ್ಯದಿಂದ ಬಾಳಲಿ. ಲಿಂಗರಾಜಪುರದ ಮನೆಯ ಮೇಜಿನ ಮೇಲೂ ಗುಳ್ಳೆಗಳು ಏಳುತ್ತಲೇ ಇರಲಿ. ಹೊಟ್ಟೆ ಉರಿಸಿಕೊಳ್ಳಲು ಮುನೀಂದ್ರರಿಗೆ ಅವರಷ್ಟು ಯೋಗ್ಯರು ಇನ್ನೊಬ್ಬರು ಸಿಗಲಾರರು.