ಸುದ್ದಿ ಕಾಯುವವರು

ದೇವನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಗುಪ್ತಚರ ಇಲಾಖೆಯಿಂದ ನಿವೃತ್ತರಾದವರು. ಅಲ್ಲೇನು ಕೆಲಸವಿತ್ತೆಂದು ಕೇಳಿದರೆ ಕನ್ನಡಕ ಒರೆಸುತ್ತಾ, “ಸುದ್ದಿ ತರೋರು ಬೇರೆ, ಸೋರ್ದಂಗೆ ಕಾಯೋರು ಬೇರೆ. ನಾನು ಕಾಯೋನು” ಎನ್ನುತ್ತಿದ್ದರು.

ನಾನಾಗ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದೆ. ಹೆಣ್ಣಿನ ಕಡೆಯವನು, ಊರು ಸೂಲಿಬೆಲೆ ಎಂದು ಹೇಳಿಕೊಂಡು ಒಬ್ಬ ನನ್ನ ಬಗ್ಗೆ ವಿಚಾರಿಸಲು ಅವರ ಮನೆಗೆ ಬಂದ. ಅವರು ಕಾಫಿ ಕೊಟ್ಟು, ಅವನನ್ನೇ ಮಾತಾಡಿಸಿ ಕಳಿಸಿದರು.

ಆಮೇಲೆ ನನ್ನನ್ನು ಕರೆದು, “ಬರೀ ನಿನ್ನ ಫ್ಯಾಕ್ಟರಿ ವಿಷ್ಯ ಕೇಳ್ದ ಕಣಯ್ಯ. ಹೆಣ್ಣು ಕೊಡೋರು ಹುಡುಗ ಕುಡೀತಾನಾ ಅಂತ ಕೇಳ್ದೆ ಇರ್ತಾರಾ? ಆಫೀಸಲ್ಲಿ ಹೇಳ್ಬಿಡು” ಎಂದರು. ಹೇಳಿದೆ. ಆಫೀಸಿನವರು ವಿಚಾರಿಸಿದರೆ ಸೂಲಿಬೆಲೆಯಲ್ಲಿ ಅಂಥವನೇ ಇರಲಿಲ್ಲ.

ಮುಂದಿನ ತಿಂಗಳು ನನ್ನ ಬಗ್ಗೆ ವಿಚಾರಿಸಲು ಪಕ್ಕದ ಮನೆಗೆ ಇನ್ನಿಬ್ಬರು ಬಂದುಹೋದರು. ಈ ಸಲ ಪಕ್ಕದ ಮನೆಯವರು ನೇರ ನಮ್ಮಮ್ಮನ ಹತ್ತಿರ ಬಂದು, “ಕುಡಿತದ ವಿಷ್ಯಾನೇ ಮೊದ್ಲು ಕೇಳಿದ್ರು ಕಣಮ್ಮ. ಇವ್ರು ನಿಜವಾದ ಬೀಗ್ರು, ಒಪ್ಕೊಂಡ್ಬಿಡು” ಎಂದರು.