ಅಮ್ಮನ ಮಾತ್ರೆ ಫೇಲಾದದ್ದು

ನನ್ನ ಅತ್ತಿಗೆಯ ಬೆರಳ ತುದಿಗಳು ಸದಾ ನೇರಳೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮ ಅದನ್ನು ಕಂಡು ಯಾವುದೋ ರೋಗವೆಂದು ಗಾಬರಿಯಾಗಿದ್ದಳು. ರೋಗವಲ್ಲ, ಕೆಲಸ. ಅತ್ತಿಗೆ ಪ್ರಯೋಗಾಲಯದಲ್ಲಿ ಎಲೆಗಳನ್ನು ಒಣಗಿಸಿ, ಪುಡಿಮಾಡಿ, ಮೆಥನಾಲಿನಲ್ಲಿ ನೆನೆಹಾಕಿ ಸಾರ ತೆಗೆಯುತ್ತಾಳೆ. ಅದನ್ನು ನೇರಳೆ ಬಣ್ಣದ ದ್ರಾವಣಕ್ಕೆ ಬೆರೆಸಿ ಕತ್ತಲ ಕಪಾಟಿನಲ್ಲಿ ಅರ್ಧ ಗಂಟೆ ಇಡುತ್ತಾಳೆ. ಸಾರದಲ್ಲಿ ಆಂಟಿಆಕ್ಸಿಡೆಂಟ್ ಇದ್ದರೆ ನೇರಳೆ ಹೋಗಿ ಹಳದಿಯಾಗುತ್ತದೆ; ಎಷ್ಟು ಹೋಯಿತೆಂದು ಯಂತ್ರ ಹೇಳುತ್ತದೆ. ಹಳದಿಯಾದರೆ ಅಲ್ಲಿನವರ ಬಾಯಲ್ಲಿ ಆ ಎಲೆ ಪಾಸು, ಆಗದಿದ್ದರೆ ಫೇಲು. ಈ ಪಾಸು ಫೇಲು ಮನೆಗೆ ಬಂದದ್ದೇ ಎಡವಟ್ಟಾಯಿತು.

ಅಮ್ಮನಿಗೆ ಬಿಪಿ. ಮಾತ್ರೆಗೂ ಅವಳಿಗೂ ಅಷ್ಟಕ್ಕಷ್ಟೇ. ಹಿತ್ತಲಿನ ಬೇಲಿಗೆ ಹಬ್ಬಿದ್ದ ಒಂದು ಬಳ್ಳಿಯ ಎಲೆ ಕುದಿಸಿ ಕುಡಿದರೆ ಸಾಕೆಂಬುದು ಅವಳ ವಾದ. ಒಂದು ದಿನ ಆ ಎಲೆಯನ್ನು ಸೊಸೆಯ ಕೈಗಿಟ್ಟು, ನಿನ್ನ ಯಂತ್ರಕ್ಕೆ ತೋರಿಸಿಕೊಂಡು ಬಾ ಎಂದಳು. ಮಾಡಬೇಕಾದ್ದೆಲ್ಲ ಮಾಡಿ ಸಂಜೆ ಬಂದ ಅತ್ತಿಗೆ ಚಪ್ಪಲಿ ಬಿಡುವ ಮೊದಲೇ, ನಿಮ್ಮ ಬಳ್ಳಿ ಪಾಸಾಯ್ತು ಅತ್ತೆ ಎಂದುಬಿಟ್ಟಳು. ಅತ್ತೆಯನ್ನು ಮೆಚ್ಚಿಸುವ ಉಮೇದು, ಇನ್ನೇನು. ಮರುದಿನದಿಂದ ಅಮ್ಮ ಮಾತ್ರೆಗೆ ಎಳ್ಳುನೀರು ಬಿಟ್ಟಳು.

ಸ್ವಲ್ಪ ದಿನದಲ್ಲೇ ಮೆಟ್ಟಿಲ ಮೇಲೆ ತಲೆ ಸುತ್ತಿ ಗೋಡೆ ಹಿಡಿದು ನಿಂತಳು. ಹೀಗೇ ಬಿಟ್ಟರೆ ಪಾರ್ಶ್ವವಾಯು ಹೊಡೆದೀತೆಂದು ಡಾಕ್ಟರು ಗದರಿದರು. ಅಮ್ಮ ಜಗ್ಗಲಿಲ್ಲ. ನನಗೆ ಅತ್ತಿಗೆಯ ಮೇಲೆ ಕೆಂಡದಂಥ ಕೋಪ ಬಂತು. ಅವಳಿಗೂ ತನ್ನ ಮೇಲೇ ಬಂದಿತ್ತು. ಟ್ಯೂಬಿನಲ್ಲಿ ಆಗುವುದೆಲ್ಲ ಮೈಯಲ್ಲಿ ಆಗಬೇಕೆಂದಿಲ್ಲ ಎಂದು ನೂರು ಸಲ ಬಿಡಿಸಿ ಹೇಳಿದಳು. ಅಮ್ಮ ಒಂದು ಮಾತ್ರೆ ತೆಗೆದು ಅವಳ ಮುಂದೆ ಹಿಡಿದಳು.

"ಹಾಗಾದ್ರೆ ಇದನ್ನೂ ಹಾಕಿ ನೋಡು. ಪಾಸಾದ್ರೆ ನುಂಗ್ತೀನಿ."

ಆಗುವುದಿಲ್ಲ ಎನ್ನಬೇಕಿತ್ತು. ಅತ್ತಿಗೆ ಅದನ್ನು ಒಯ್ದು, ಪುಡಿಮಾಡಿ, ಸೋಸಿ, ನೇರಳೆಗೆ ಬೆರೆಸಿದಳು. ಕಪಾಟು ತೆರೆದಾಗ ನೇರಳೆ ಇದ್ದ ಹಾಗೇ ಇತ್ತು. ದ್ರಾವಣ ಹಳತಾಯಿತೇನೋ ಎಂದು ಹೊಸದು ಮಾಡಿದಳು, ಟ್ಯೂಬು ತೊಳೆದು ಮತ್ತೆ ನೋಡಿದಳು. ಜಪ್ಪಯ್ಯ ಅಂದರೂ ಬಣ್ಣ ಕದಲಲಿಲ್ಲ. ತಲೆಕೆಟ್ಟು ತನ್ನ ಲೋಟದಲ್ಲಿ ಉಳಿದಿದ್ದ ಹಾಲಿಲ್ಲದ ಟೀಯನ್ನೇ ಒಂದು ಹನಿ ಬಿಟ್ಟಳು. ಅದು ಕಣ್ಣೆದುರಿಗೇ ಹಳದಿಯಾಯಿತು. ಅಲ್ಲಿ ಟೀ ಕುಡಿಯಬಾರದೆಂಬ ಬೋರ್ಡಿದೆ, ಅದು ಬೇರೆ ಮಾತು.

ಸಂಜೆ ಇಬ್ಬರೂ ಮನೆಗೆ ಮರಳುವ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಇದನ್ನೆಲ್ಲ ಹೇಳುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಬಳ್ಳಿ ಪಾಸು, ಟೀ ಫಸ್ಟ್ ಕ್ಲಾಸು, ಅಮ್ಮನ ಜೀವ ಕಾಯುವ ಮಾತ್ರೆ ಫೇಲು. ನನಗೂ ತಲೆಬುಡ ತಿಳಿಯಲಿಲ್ಲ. ಪಾಸಾಯ್ತೆಂದು ಸುಳ್ಳು ಹೇಳಿಬಿಡು, ಪೀಡೆ ಕಳೆಯಲಿ ಎಂದೆ. ಅವಳು ಬೆರಳು ಉಜ್ಜುತ್ತ ಕೂತಳು.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಮಾತ್ರೆ ಫೇಲಾಯ್ತು ಅತ್ತೆ," ಎಂದಳು ಅತ್ತಿಗೆ. "ಎಲ್ಲಕ್ಕಿಂತ ಚೆನ್ನಾಗಿ ಪಾಸಾಗಿದ್ದು ಟೀ. ನೀವು ದಿನಾ ಟೀ ಕುಡೀತೀರಿ, ಆದ್ರೂ ಬಿಪಿ ಬಂತು. ನನ್ನ ಟ್ಯೂಬಿಗೆ ನಿಮ್ಮ ಬಿಪಿ ಗೊತ್ತೇ ಇಲ್ಲ."

ನಾನು ಹಣೆ ಚಚ್ಚಿಕೊಂಡೆ. ಅಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಮತ್ತೆ ಇಷ್ಟು ವರ್ಷದಿಂದ ನೀನು ಅಳೀತಿರೋದು ಏನನ್ನ?"

ನೇರಳೆ ಹೋಗುವುದನ್ನು ಎಂದಳು ಅತ್ತಿಗೆ. ಅದು ಹೋದರೆ ಮನುಷ್ಯರಿಗೆ ಏನಾಗುತ್ತದೆ ಎಂದು ಅಮ್ಮ ಬಿಡದೆ ಕೇಳಿದಳು. ಅತ್ತಿಗೆ ಏನೋ ಶುರುಮಾಡಿ, ತಡವರಿಸಿ, ನನಗೆ ನಿಜವಾಗಿ ಗೊತ್ತಿಲ್ಲ ಎಂದು ಅಳತೊಡಗಿದಳು. ಅಮ್ಮ ಆ ನೇರಳೆ ಬೆರಳುಗಳನ್ನು ಹಿಡಿದುಕೊಂಡಳು. ಆಮೇಲೆ ನನ್ನತ್ತ ತಿರುಗಿ ನೀರು ತರಲು ಹೇಳಿದಳು.

ಎಲ್ಲ ಗೊತ್ತಿದ್ದ ಡಾಕ್ಟರಿಗೆ ಬಗ್ಗದ ನನ್ನ ಅಮ್ಮ ಆ ಹೊತ್ತಿನಲ್ಲಿ ಯಾಕೆ ಬಗ್ಗಿದಳೋ ನನಗಿನ್ನೂ ಅರ್ಥವಾಗಿಲ್ಲ. ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಲೋಟ ಸೊಸೆಯ ಕೈಗೆ ಕೊಟ್ಟಳು.

"ಫೇಲಾಗಿದ್ದನ್ನೇ ನುಂಗಿದೀನಿ. ಇನ್ನು ಅಳು ನಿಲ್ಲಿಸು."